ಬಡಾವಣೆಯ ಮಳೆಹೊಂಡಕ್ಕೆ ಅನುಮತಿ ಮಾಡಿಸಿಕೊಡುವ ಸೇವೆ: ಎರಡು ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ದಾವಣಗೆರೆಯಲ್ಲಿ ಮನೆಯ ನಕ್ಷೆಗೆ ಅನುಮತಿ ಮಾಡಿಸಿಕೊಡುವವರು ಬೀದಿಗೊಬ್ಬರಿದ್ದಾರೆ. ಆದರೆ ಬಡಾವಣೆಯ ಮಳೆಹೊಂಡವನ್ನು, ಅಂದರೆ ಮಳೆನೀರನ್ನು ತಡೆದು ನಿಧಾನವಾಗಿ ಬಿಡುವ ಹೊಂಡವನ್ನು ಅಳೆದು, ಅದಕ್ಕೆ ವಿನ್ಯಾಸ ಮಾಡಿ, ಬೇಕಾದ ಒಪ್ಪಿಗೆಗಳನ್ನೆಲ್ಲ ತಂದು, ಅಗೆಯುವಾಗ ಮೇಲುಸ್ತುವಾರಿ ನೋಡಿ, ಆಮೇಲೆ ಒಂದು ವರ್ಷ ಅನುಪಾಲನಾ ವರದಿಯನ್ನೂ (ಒಪ್ಪಿಗೆಯ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂಬ ವರದಿ) ಬರೆದುಕೊಡುತ್ತೇವೆ ಎಂದವರು ನಮಗೆ ಸಿಕ್ಕಿದ್ದು ಒಂದೇ ಸಂಸ್ಥೆ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಕೆಲಸದಲ್ಲಿ ಒಂದು ಪಾಲು ತುಂಬಾ ಚೆನ್ನಾಗಿತ್ತು, ಇನ್ನೊಂದು ಪಾಲು ತೀರಾ ಕಳಪೆಯಾಗಿತ್ತು, ಮತ್ತು ಇಂಥ ಸೇವೆಯನ್ನು ಕೊಳ್ಳಲು ಹೊರಟವರಿಗೆ ಹೆಸರಿಗಿಂತ ಯಾವ ಪಾಲಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾನು ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ. ಎಂಜಿನಿಯರ್ ಅಲ್ಲ. ನಮ್ಮ ನಿವಾಸಿಗಳ ಸಂಘದಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಮೊದಲ ದಿನದಿಂದ ಇಂದಿನವರೆಗಿನ ಕಡತ ನನ್ನ ಬಳಿಯೇ ಇದೆ.

ನಮ್ಮ ಬಡಾವಣೆ ಹದಡಿ ರಸ್ತೆಯ ಕಡೆ, ನಗರಪಾಲಿಕೆಯ ಗಡಿಯಿಂದ ಹೊರಗೆ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆ. ನಕ್ಷೆಗೆ ಮಂಜೂರಾತಿ ಕೊಟ್ಟದ್ದು ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಹದಿನಾಲ್ಕು ಎಕರೆ, ನೂರ ಹನ್ನೆರಡು ನಿವೇಶನ, ಆಗ ಕಟ್ಟಿದ್ದ ಮನೆ ನಲವತ್ತು ಚಿಲ್ಲರೆ. ಮಂಜೂರಾದ ನಕ್ಷೆಯಲ್ಲಿ ಉದ್ಯಾನವನದ ತಗ್ಗಿನ ಮೂಲೆಗೆ ‘ಮಳೆನೀರು ಸಂಗ್ರಹ’ ಎಂದು ಒಂದು ಚೌಕ ಬರೆದಿತ್ತು. ಬಡಾವಣೆ ಮಾಡಿದವರು ಆ ಚೌಕದ ಜಾಗದಲ್ಲಿ ಹತ್ತು ಅಡಿ ಆಳದ, ಗೋಡೆಯಂತೆ ನೇರವಾಗಿ ಕಡಿದ ಒಂದು ಗುಂಡಿಯನ್ನು ತೆಗೆಸಿ, ಸುತ್ತ ನಾಲ್ಕು ಕಲ್ಲುಕಂಬ ನಿಲ್ಲಿಸಿ ಹೊರಟುಹೋಗಿದ್ದರು. ಗುಂಡಿಗೆ ನೀರು ಬರುವ ದಾರಿಯಿತ್ತು, ಹೋಗುವ ದಾರಿ ಇರಲಿಲ್ಲ. ಎರೆ ಮಣ್ಣಿನ ನೆಲವಾದ್ದರಿಂದ ನೀರು ಇಂಗುವುದೂ ಇಲ್ಲ. ಜೂನ್‌ನಲ್ಲಿ ಬಿದ್ದ ಮಳೆ ಸೆಪ್ಟೆಂಬರ್‌ವರೆಗೂ ಹಾಗೆಯೇ ನಿಂತಿರುತ್ತಿತ್ತು, ಹಿಂಗಾರಿನ ದೊಡ್ಡ ಮಳೆ ಬರುವ ಹೊತ್ತಿಗೆ ಗುಂಡಿಯಲ್ಲಿ ಒಂದು ಕೊಡ ನೀರಿಗೂ ಜಾಗವಿರುತ್ತಿರಲಿಲ್ಲ.

2022ರಲ್ಲಿ ಇದರ ಫಲ ಕಂಡಿತು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿದ ವರ್ಷ ಅದು, ನಮ್ಮ ಗುಂಡಿ ಕೋಡಿಯೇ ಇಲ್ಲದೆ ಹರಿಯಿತು. ಹರಿದದ್ದು ಕೆಳಗಿನ ಗೌಡರ ಭತ್ತದ ಗದ್ದೆಗೆ. ತೆನೆ ಕಟ್ಟಿದ್ದ ಪೈರಿನ ಒಂದು ಮೂಲೆ ಮಣ್ಣಿನಡಿ ಹೋಯಿತು. ಅವರು ಸಂಘದ ಬಾಗಿಲಿಗೆ ಬಂದು ಜಗಳವಾಡಲಿಲ್ಲ, “ಮೇಷ್ಟ್ರೇ, ಮೊದ್ಲೂ ಈ ಕಡೆಯಿಂದ ನೀರ್ ಬರ್ತಿತ್ತು, ಬರ್ಲಿ. ಆದ್ರೆ ಮೊದ್ಲು ಹೊಲದ ತುಂಬಾ ಹರಡ್ಕೊಂಡ್ ಬರ್ತಿತ್ತು, ಈಗ ಒಂದೇ ಕಡೆ ಬಂದ್ ಬಡೀತೈತಿ” ಎಂದರು. ಆಮೇಲೆ ನಾನು ಓದಿದ ಯಾವ ಕೈಪಿಡಿಯೂ ಮಳೆಹೊಂಡದ ಅಗತ್ಯವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲಿಲ್ಲ. ಸಹಜವಾಗಿ ಇಳಿದುಬರುವ ನೀರನ್ನು ಕೆಳಗಿನ ಹೊಲದವರು ಒಪ್ಪಿಕೊಳ್ಳಬೇಕಾಗುತ್ತದೆ, ಆದರೆ ಕಾಂಕ್ರೀಟ್ ಹಾಸಿ, ಚರಂಡಿ ಕಟ್ಟಿ, ಒಂದು ಮೂಲೆಗೆ ಕೂಡಿಸಿ ಬಿಟ್ಟ ನೀರು ಆ ಲೆಕ್ಕಕ್ಕೆ ಸೇರುವುದಿಲ್ಲ.

ಸಂಸ್ಥೆಯವರ ಮೊದಲ ಕೊಟೇಶನ್ ನೋಡಿದಾಗ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಬಂದಿರಲಿಲ್ಲ. ಅಳತೆ ಮತ್ತು ವಿನ್ಯಾಸಕ್ಕೆ 90,000 ರೂಪಾಯಿ, ಒಪ್ಪಿಗೆಗಳಿಗೆ 1,10,000, ಒಂದು ವರ್ಷದ ಅನುಪಾಲನೆಗೆ 40,000, ಇವುಗಳ ಕೆಳಗೆ ‘ಪರಿಸರ ಅನುಮೋದನೆ ಸಹಾಯ’ ಎಂದು ಇನ್ನೊಂದು 35,000 ರೂಪಾಯಿ ಸೇರಿಸಿದ್ದರು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಬಡಾವಣೆಯಂಥ ಯೋಜನೆಗೆ ಪೂರ್ವ ಅನುಮೋದನೆ ಬೇಕಾಗುವುದು ಅದರ ವಿಸ್ತೀರ್ಣ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ಮುಟ್ಟಿದಾಗ, ಇಲ್ಲವೇ ಕಟ್ಟಡಗಳ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ದಾಟಿದಾಗ. ನಮ್ಮದು ಹದಿನಾಲ್ಕು ಎಕರೆ, ಕಟ್ಟುವುದೂ ಒಬ್ಬೊಬ್ಬರೇ ತಮ್ಮ ತಮ್ಮ ಮನೆ. ಈ ಸಾಲು ಯಾಕೆ ಎಂದು ಕೇಳಿದ್ದಕ್ಕೆ “ಅದು ನಮ್ಮ ನಮೂನೆಯಲ್ಲಿ ಇರೋದು ಸರ್, ತೆಗೀತೀವಿ” ಎಂದು ತೆಗೆದರು. ಕೇಳದೇ ಇದ್ದಿದ್ದರೆ ಇರುತ್ತಿತ್ತು. ದೊಡ್ಡ ಯೋಜನೆಗಳವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳ ಪಾಲನೆಯ ವರದಿ ಸಲ್ಲಿಸಬೇಕು. ಅದೇ ಅಚ್ಚಿನಲ್ಲಿ ಸಣ್ಣ ಬಡಾವಣೆಗಳಿಗೂ ಕೊಟೇಶನ್ ಹೊಯ್ಯುವುದು ಈ ವ್ಯಾಪಾರದಲ್ಲಿ ರೂಢಿಯಾಗಿರುವಂತೆ ಕಾಣುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮಂಥ ಬಡಾವಣೆಗೆ ‘ಮಳೆಹೊಂಡದ ಪರವಾನಗಿ’ ಎಂಬ ಒಂದೇ ಕಾಗದ ಇರುವುದಿಲ್ಲ. ಹೊಂಡದ ಜಾಗ ಮಂಜೂರಾದ ನಕ್ಷೆಯ ಭಾಗವಾದ್ದರಿಂದ ಅದರ ಆಕಾರ ಬದಲಾಯಿಸಲು ಪ್ರಾಧಿಕಾರದಿಂದ ಮಾರ್ಪಡಿಸಿದ ನಕ್ಷೆಗೆ ಒಪ್ಪಿಗೆ ಬೇಕು. ರಸ್ತೆ ಮತ್ತು ಉದ್ಯಾನವನಗಳನ್ನು ಬಡಾವಣೆ ಮಾಡಿದವರು ಆಗಲೇ ಪ್ರಾಧಿಕಾರಕ್ಕೆ ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಟ್ಟಿರುವುದರಿಂದ, ಅಲ್ಲಿ ಗುದ್ದಲಿ ಹಾಕುವ ಹಕ್ಕು ಸಂಘಕ್ಕೆ ತಾನಾಗಿ ಬರುವುದಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ. ಹೊಂಡವನ್ನು ಉದ್ಯಾನದ ಒಳಗಿನ ಅಂಗವಾಗಿ, ಸುತ್ತ ನಡೆಯುವ ದಾರಿಯೊಂದಿಗೆ ತೋರಿಸಬೇಕೇ ಹೊರತು ಉದ್ಯಾನವನ್ನು ಕಡಿತಗೊಳಿಸಿದಂತೆ ತೋರಿಸಬಾರದು. ಹೊರಹೋಗುವ ಕೊಳವೆ ಪಂಚಾಯಿತಿ ರಸ್ತೆಯ ಬದಿಯಲ್ಲಿ ಹೋಗುವುದಾದರೆ ಪಂಚಾಯಿತಿಯ ಒಪ್ಪಿಗೆ ಬೇಕು, ಹಳ್ಳಕ್ಕೆ ಸೇರುವುದಾದರೆ ಆ ಹಳ್ಳ ‘ಬ’ ಖರಾಬಿನಲ್ಲಿರುವ ಸರ್ಕಾರಿ ಜಾಗವಾದ್ದರಿಂದ ಕಂದಾಯ ಇಲಾಖೆಯ ಗಮನಕ್ಕೆ ತರಬೇಕು, ಕೆರೆಗೆ ಸೇರುವುದಾದರೆ ಆ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ನೋಡಬೇಕು. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ. ಇಷ್ಟು ಮೇಜುಗಳನ್ನು ಸುತ್ತಿ ಬರುವ ತಾಳ್ಮೆ ಸಂಘದ ಯಾರಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ.

ಸಂಸ್ಥೆ ತನ್ನ ಬೆಲೆಯನ್ನು ಸಾರ್ಥಕಪಡಿಸಿಕೊಂಡದ್ದು ಅಳತೆಯ ಕೆಲಸದಲ್ಲಿ. ಬಡಾವಣೆ ಮಾಡಿದವರ ಹಳೆಯ ನಕ್ಷೆಯಲ್ಲಿ ಹೊಂಡದ ನೀರು ಪಕ್ಕದ ‘ಕಾಲುವೆ’ಗೆ ಹೋಗುತ್ತದೆ ಎಂದು ಒಂದು ಬಾಣದ ಗುರುತು ಇತ್ತು, ಆ ಬಾಣವನ್ನು ನಾವೆಲ್ಲ ಇಷ್ಟು ವರ್ಷ ನಂಬಿಕೊಂಡಿದ್ದೆವು. ಅಳೆಯಲು ಬಂದ ಹುಡುಗ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಹೂಡಿ ಎರಡು ದಿನ ಬಿಸಿಲಲ್ಲಿ ನಿಂತು ಮಟ್ಟಗಳನ್ನು ತೆಗೆದ ಮೇಲೆ ಗೊತ್ತಾಯಿತು: ಆ ಕಾಲುವೆ ಭದ್ರಾ ಅಚ್ಚುಕಟ್ಟಿನ ಹಂಚಿಕೆ ಕಾಲುವೆ, ಮತ್ತು ಅದರ ತಳ ನಮ್ಮ ಹೊಂಡದ ದಡಕ್ಕಿಂತ ಎರಡು ಅಡಿ ಮೇಲಿದೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ನೀರಾವರಿ ಕಾಲುವೆ ತನ್ನಿಂದ ಕೆಳಗಿನ ಗದ್ದೆಗಳಿಗೆ ನೀರು ಕೊಡಬೇಕಾದ್ದರಿಂದ ಎತ್ತರದ ಅಂಚನ್ನು ಹಿಡಿದು ಹೋಗುತ್ತದೆ, ಗದ್ದೆಗಳು ಕುಡಿದು ಬಿಟ್ಟ ನೀರನ್ನು ಒಯ್ಯುವ ಬಸಿಗಾಲುವೆ ತಗ್ಗನ್ನು ಹಿಡಿದು ಹೋಗುತ್ತದೆ. ಎರಡೂ ಕಣ್ಣಿಗೆ ಕಾಲುವೆಯೇ. ಒಂದಕ್ಕೆ ಬಡಾವಣೆಯ ನೀರು ಬಿಡುವುದು ಪಂಪು ಹಾಕದೆ ಸಾಧ್ಯವಿಲ್ಲ, ಸಾಧ್ಯವಾದರೂ ನೀರಾವರಿ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಇನ್ನೊಂದು ನೀರನ್ನು ಒಯ್ಯುವುದಕ್ಕೆಂದೇ ಇರುವುದು. ಪೇಟೆಯಲ್ಲಿ ಬೆಳೆದ ನಮ್ಮಂಥವರಿಗೆ ಗೊತ್ತಿರದ ಈ ವ್ಯತ್ಯಾಸ ಗೌಡರಿಗೆ ಹುಟ್ಟಿನಿಂದ ಗೊತ್ತಿತ್ತು. ಅವರನ್ನು ಮೊದಲು ಕೇಳುವ ಬುದ್ಧಿ ನಮಗೆ ಬಂದಿರಲಿಲ್ಲ.

ಅಳತೆಯ ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ. ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಹಿಡಿದು ಸುತ್ತಲ ಹಳ್ಳಗಳನ್ನು ನೋಡಿ, ಅದು ಸಾಲದೆ ಹಳೆಯ ಗ್ರಾಮ ನಕ್ಷೆಯ ಪ್ರತಿಯನ್ನೂ ತರಿಸಿ, ನಮ್ಮ ಹೊಂಡದಿಂದ 180 ಮೀಟರ್ ದೂರದಲ್ಲಿ ಒಂದು ಹಳ್ಳದ ಗೆರೆ ಇರುವುದನ್ನು ತೋರಿಸಿದರು. ಸ್ಥಳಕ್ಕೆ ಹೋದರೆ ಅಲ್ಲಿ ಹಳ್ಳವಿರಲಿಲ್ಲ, ಜಾಲಿಯೂ ಲಂಟಾನವೂ ಬೆಳೆದ ಒಂದು ತಗ್ಗಿತ್ತು. ಆದರೆ ಮಟ್ಟ ಸರಿಯಾಗಿತ್ತು. ಆ ತಗ್ಗು ಮುಂದೆ ಬಸಿಗಾಲುವೆಯನ್ನು ಕೂಡಿಕೊಂಡು ಕೊನೆಗೆ ತುಂಗಭದ್ರೆಯ ಕಡೆಗೇ ಇಳಿಯುತ್ತದೆ. ಅವರು ಚಿತ್ರದುರ್ಗದವರು. ಸಂಘದ ಸಭೆಯಲ್ಲಿ ಹೊರದಾರಿಗೇಕೆ ಇಷ್ಟು ಖರ್ಚು ಎಂದು ಒಬ್ಬರು ತಕರಾರು ತೆಗೆದಾಗ, ಅವರು ತಮ್ಮೂರಿನ ಕೋಟೆಯನ್ನೇ ಉದಾಹರಣೆಯಾಗಿ ಕೊಟ್ಟರು: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ನೀರು ಇಳಿಯುವಂತೆ ಪಾಳೆಯಗಾರರ ಕಾಲದಲ್ಲೇ ಮಾಡಿಟ್ಟಿದ್ದಾರೆ, ಒಂದರ ಕೋಡಿ ಇನ್ನೊಂದರ ಒಳಹರಿವು. ತಕರಾರು ತೆಗೆದವರು ಚಿತ್ರದುರ್ಗದ ಅಳಿಯ. ಮತ್ತೆ ಮಾತಾಡಲಿಲ್ಲ.

ವಿನ್ಯಾಸದ ಲೆಕ್ಕವನ್ನು ನಾನು ಕುಳಿತು ಮತ್ತೆ ಮಾಡಿದೆ; ಸೇವೆಯನ್ನು ಅಳೆಯಲು ನನಗೆ ಗೊತ್ತಿದ್ದ ದಾರಿ ಅದೊಂದೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹದಿನಾಲ್ಕು ಎಕರೆ ಅಂದರೆ ಸುಮಾರು 56,650 ಚದರ ಮೀಟರ್. 50 ಮಿಲಿಮೀಟರ್‌ನ ಒಂದು ಜೋರು ಮಳೆಗೆ ಬೀಳುವುದು ಸುಮಾರು 28 ಲಕ್ಷ ಲೀಟರ್. ಇದು ಹೊಲವಾಗಿದ್ದಾಗ ಹತ್ತರಲ್ಲಿ ಮೂರು ಪಾಲು ಹರಿದುಹೋಗುತ್ತಿತ್ತು ಎಂದಿಟ್ಟುಕೊಂಡರೆ ಎಂಟೂವರೆ ಲಕ್ಷ ಲೀಟರ್. ಎಲ್ಲ ನಿವೇಶನಗಳಲ್ಲೂ ಮನೆ ಎದ್ದು ಹರಿಯುವ ಪಾಲು 0.65ಕ್ಕೆ ಏರಿದಾಗ ಹದಿನೆಂಟು ಲಕ್ಷ ದಾಟುತ್ತದೆ. ಈ ಎರಡರ ನಡುವಿನ ಹತ್ತು ಲಕ್ಷ ಲೀಟರ್ ನಾವು ಮನೆ ಕಟ್ಟಿದ್ದರಿಂದ ಹುಟ್ಟಿದ ನೀರು, ಅದನ್ನು ತಡೆದು ನಿಧಾನವಾಗಿ ಬಿಡುವುದೇ ಹೊಂಡದ ಕೆಲಸ. ಅವರ ಮೊದಲ ಕರಡಿನಲ್ಲಿ ಅಂದು ಇದ್ದ ನಲವತ್ತು ಮನೆಗಳ ಲೆಕ್ಕಕ್ಕೆ ಈ ಹರಿಯುವ ಪಾಲನ್ನು 0.45 ಎಂದು ಹಿಡಿದಿದ್ದರು; ಉಳಿದ ಎಪ್ಪತ್ತು ಮನೆ ಎದ್ದ ಮೇಲೆ ಮತ್ತೆ ಅಗೆಯುತ್ತೀರಾ ಎಂದು ಕೇಳಿದ್ದಕ್ಕೆ ವಾದ ಮಾಡದೆ ಎರಡೇ ದಿನದಲ್ಲಿ ತಿದ್ದಿ ಕಳುಹಿಸಿದರು. ತಪ್ಪು ತಪ್ಪೇ, ಆದರೆ ತಿದ್ದಿದ ರೀತಿ ಇಷ್ಟವಾಯಿತು.

ಕೊನೆಯ ವಿನ್ಯಾಸದ ಹೊಂಡ ಮೇಲೆ 36 ಮೀಟರ್‌ಗೆ 28, ತಳದಲ್ಲಿ 30ಕ್ಕೆ 22, ಕೋಡಿಯ ಮಟ್ಟಕ್ಕೆ ಆಳ ಒಂದೂವರೆ ಮೀಟರ್. ಇದರಲ್ಲಿ ಹನ್ನೆರಡು ಲಕ್ಷ ಲೀಟರ್‌ಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹೂಳು ಕೂರುವುದಕ್ಕೆ ಬಿಟ್ಟ ಜಾಗವೂ ಅದರಲ್ಲೇ ಸೇರಿದೆ. ಹಳೆಯ ಗುಂಡಿ ಇದಕ್ಕಿಂತ ಆಳವಾಗಿದ್ದರೂ ಉಪಯೋಗಕ್ಕೆ ಬಾರದೆ ಹೋದದ್ದು ಯಾಕೆಂದು ಈಗ ಎಲ್ಲರಿಗೂ ಅರ್ಥವಾಯಿತು: ಸದಾ ತುಂಬಿಕೊಂಡಿರುವ ಹೊಂಡ ಮಳೆಯನ್ನು ತಡೆಯುವುದಿಲ್ಲ. ತಳದಲ್ಲಿ ಆರು ಇಂಚಿನ ಕೊಳವೆಯ ಒಂದು ತೂಬು ಇಟ್ಟಿದ್ದಾರೆ, ತುಂಬಿದ ಹೊಂಡ ಅದರ ಮೂಲಕ ಸುಮಾರು ಅರ್ಧ ದಿನದಲ್ಲಿ ಬರಿದಾಗಿ ಮುಂದಿನ ಮಳೆಗೆ ಜಾಗ ಮಾಡಿಕೊಳ್ಳುತ್ತದೆ. ಏರಿಯ ತಲೆಯಿಂದ ಒಂದೂವರೆ ಅಡಿ ಕೆಳಗೆ ಮೂರು ಮೀಟರ್ ಅಗಲದ ಕಲ್ಲಿನ ಕೋಡಿ. ತೂಬು ಕಟ್ಟಿಕೊಂಡು ಹೊಂಡ ಪೂರ್ತಿ ತುಂಬಿದ್ದಾಗಲೂ, ಗಂಟೆಗೆ 60 ಮಿಲಿಮೀಟರ್ ಬಿರುಸಿನ ಮಳೆಯಲ್ಲಿ ಬರುವ ಸೆಕೆಂಡಿಗೆ ಆರುನೂರು ಲೀಟರ್‌ನಷ್ಟು ನೀರು ಏರಿಯನ್ನು ಮುಟ್ಟದೆ ಕೋಡಿಯ ಮೇಲೆ ಹಾದುಹೋಗಬೇಕು ಎಂಬ ಲೆಕ್ಕ. ದಡಗಳನ್ನು ಒಂದಕ್ಕೆರಡು ಇಳಿಜಾರು ಮಾಡಿ ಕಲ್ಲು ಹೊದಿಸಿದ್ದಾರೆ. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ನೇರವಾಗಿ ಕಡಿದ ದಡ ಒಂದೆರಡು ಬೇಸಿಗೆಯಲ್ಲಿ ತಾನಾಗಿ ಕುಸಿಯುತ್ತದೆ ಎನ್ನುವುದಕ್ಕೆ ಹಳೆಯ ಗುಂಡಿಯೇ ಸಾಕ್ಷಿಯಾಗಿತ್ತು. ನೀರು ಒಳಬರುವ ಕಡೆ ಮರಳು, ಪ್ಲಾಸ್ಟಿಕ್ಕು ನಿಲ್ಲುವಂತೆ ಒಂದು ಸಣ್ಣ ಹೂಳಿನ ತೊಟ್ಟಿ. ವಿನ್ಯಾಸಕ್ಕೆ ಕೊಟ್ಟ 90,000 ರೂಪಾಯಿ ದುಬಾರಿಯಲ್ಲ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಒಪ್ಪಿಗೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಏಳು ತಿಂಗಳು ಹಿಡಿಯಿತು, ಅದು 2023ರ ಬರದ ವರ್ಷವಾದ್ದರಿಂದ ಯಾರಿಗೂ ಅವಸರವೂ ಆಗಲಿಲ್ಲ. ಕಡತದ ಜೋಡಣೆ ಅಚ್ಚುಕಟ್ಟಾಗಿತ್ತು; ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಮಟ್ಟಗಳ ಪಟ್ಟಿ, ಹರಿವಿನ ಲೆಕ್ಕ, ಹಳ್ಳದ ಫೋಟೊಗಳು ಎಲ್ಲವೂ ಒಂದೇ ಕ್ರಮದಲ್ಲಿದ್ದುದರಿಂದ ಕೇಳಿದ ಪ್ರಶ್ನೆಗೆ ಪುಟ ತಿರುಗಿಸಿ ತೋರಿಸಿದರೆ ಸಾಕಾಗುತ್ತಿತ್ತು. ಎರಡು ಕೊರತೆಗಳನ್ನು ಮಾತ್ರ ಹೇಳಬೇಕು. ಕೊಳವೆಯ ದಾರಿಯಲ್ಲಿ ಅರವತ್ತು ಮೀಟರ್ ಗೌಡರ ಬದುವಿನ ಪಕ್ಕದಲ್ಲಿ ಹೋಗಬೇಕಿತ್ತು. ಅವರೊಂದಿಗೆ ಮಾತಾಡುವುದು ‘ಸಂಘದ ಹೊಣೆ’ ಎಂದು ಸಂಸ್ಥೆಯವರು ಕೈತೊಳೆದುಕೊಂಡರು. ಕೊನೆಗೆ ನಾನೂ ನಮ್ಮ ಅಧ್ಯಕ್ಷರೂ ಅವರ ಕಣದಲ್ಲಿ ಕುಳಿತು, ಕೊಳವೆ ಮೂರು ಅಡಿ ಆಳದಲ್ಲಿ ಹೋಗುತ್ತದೆ, ಉಳುಮೆಗೆ ತಾಗುವುದಿಲ್ಲ, ಒಡೆದರೆ ರಿಪೇರಿ ಸಂಘದ್ದು ಎಂದು ಕರಾರು ಬರೆದು ನೋಂದಾಯಿಸಿದೆವು. ಗೌಡರು ದುಡ್ಡು ಕೇಳಲಿಲ್ಲ. ಕೋಡಿ ತಮ್ಮ ಗದ್ದೆಯ ಕಡೆ ಮುಖ ಮಾಡಿರಬಾರದು ಎಂಬ ಒಂದೇ ಷರತ್ತು ಹಾಕಿದರು, ಅದು ವಿನ್ಯಾಸದಲ್ಲಿ ಆಗಲೇ ಇತ್ತು. ಇನ್ನೊಂದು ಕೊರತೆ, ಖರ್ಚನ್ನು ಬಡಾವಣೆ ಮಾಡಿದವರಿಂದ ವಸೂಲು ಮಾಡುವ ದಾರಿಯನ್ನು ಅವರು ನಮಗೆ ತಿಳಿಸಲೇ ಇಲ್ಲ. ರೇರಾ ಎಂದು ಎಲ್ಲರೂ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಮಿನಲ್ಲಿ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯ ಗುಣಮಟ್ಟದಲ್ಲೋ ಸೌಲಭ್ಯದಲ್ಲೋ ದೋಷ ಕಂಡುಬಂದು ತಿಳಿಸಿದರೆ ಬಡಾವಣೆ ಮಾಡಿದವರು ಮೂವತ್ತು ದಿನದೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು ಎಂದಿದೆ. ಇದನ್ನು ಹುಡುಕಿ ಹೇಳಿದವರು ನಮ್ಮ ಮೂರನೇ ಅಡ್ಡರಸ್ತೆಯ ವಕೀಲರು. ಐದು ವರ್ಷಕ್ಕೆ ಇನ್ನು ಐದು ತಿಂಗಳಿರುವಾಗ ನೋಟಿಸು ಹೋಯಿತು, ಮಾತುಕತೆಯ ನಂತರ ಜೆಸಿಬಿಯ ಖರ್ಚನ್ನೂ ಕಲ್ಲಿನ ಖರ್ಚನ್ನೂ ಬಡಾವಣೆ ಮಾಡಿದವರೇ ಹೊತ್ತರು. ಸಲಹೆಗೆಂದೇ ದುಡ್ಡು ತೆಗೆದುಕೊಳ್ಳುವ ಸಂಸ್ಥೆಗೆ ಈ ವಿಷಯ ಗೊತ್ತಿರಬೇಕಿತ್ತು; ಗೊತ್ತಿದ್ದೂ ಹೇಳಲಿಲ್ಲವೆಂದರೆ ಅದಕ್ಕೆ ಒಂದು ಕಾರಣವಿರಬಹುದು, ಬಡಾವಣೆ ಮಾಡುವವರೂ ಇವರದೇ ಗಿರಾಕಿಗಳು.

2024ರ ಫೆಬ್ರವರಿಯಲ್ಲಿ ಅಗೆತ ಶುರುವಾಯಿತು. ಮೇಲುಸ್ತುವಾರಿಗೆ ವಾರಕ್ಕೆ ಎರಡು ದಿನ ಬರುತ್ತೇವೆ ಎಂದವರು ಒಂದು ದಿನ ಬರುತ್ತಿದ್ದರು, ಆದರೆ ಏರಿಯ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಸುವ ದಿನಗಳಲ್ಲಿ ತಪ್ಪದೆ ನಿಂತಿದ್ದರು. ಒಂದು ಪದರ ಸರಿಯಾಗಿ ಕೂರಲಿಲ್ಲವೆಂದು ಗುತ್ತಿಗೆದಾರರೊಂದಿಗೆ ಜಗಳವಾಡಿ ತೆಗೆಸಿ ಮತ್ತೆ ಹಾಕಿಸಿದ್ದನ್ನು ನಾನೇ ನೋಡಿದ್ದೇನೆ. ಬೇಲಿಯ ವಿಷಯದಲ್ಲಿ ಮಾತ್ರ ಅವರ ನಕ್ಷೆ ಸೋತಿತು; ನಾಲ್ಕು ಅಡಿಯ ತಂತಿ ಬೇಲಿ ತೋರಿಸಿದ್ದರು, ಉದ್ಯಾನದಲ್ಲಿ ಮಕ್ಕಳು ಆಡುವ ಜಾಗಕ್ಕೆ ಅದು ಸಾಲದೆಂದು ಸಂಘವೇ ಐದೂವರೆ ಅಡಿಯ ಜಾಲರಿ ಹಾಕಿಸಿತು. ಕೃಷಿ ಹೊಂಡಗಳಲ್ಲಿ ಮಕ್ಕಳು ಬಿದ್ದ ಸುದ್ದಿಯನ್ನು ನಮ್ಮ ಜಿಲ್ಲೆಯ ಜನ ಓದದ ವರ್ಷವಿಲ್ಲ. ವಿನ್ಯಾಸ ಮಾಡುವವರು ಅದನ್ನು ಮರೆಯಬಾರದಿತ್ತು.

ಆ ವರ್ಷದ ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಒಂದು ಸಂಜೆ ಗುಡುಗಿ ಬಂದಾಗ ಅರ್ಧ ಬಡಾವಣೆ ಕೊಡೆ ಹಿಡಿದು ಹೊಂಡದ ಸುತ್ತ ನಿಂತಿತ್ತು. ಹೂಳಿನ ತೊಟ್ಟಿ ತುಂಬಿ, ಕಂದು ನೀರು ಕಲ್ಲಿನ ಮೇಲಿಂದ ಹೊಂಡಕ್ಕೆ ಇಳಿದು, ನಾವು ನೋಡುತ್ತಿದ್ದಂತೆ ಅರ್ಧದಷ್ಟು ಏರಿತು. ಬೆಳಿಗ್ಗೆ ಆರಕ್ಕೆ ಹೋದಾಗ ತಳದಲ್ಲಿ ಕೆಸರು ಮಾತ್ರ ಇತ್ತು. ಗೌಡರ ಗದ್ದೆಗೆ ಒಂದು ಹನಿಯೂ ನುಗ್ಗಿರಲಿಲ್ಲ, ಹಳ್ಳದಲ್ಲಿ ಜಾಲಿ ಕಡಿದ ಜಾಗದಲ್ಲಿ ಮೊಣಕಾಲಿಗೂ ಬಾರದ ನೀರು ಶಾಂತವಾಗಿ ಹೋಗುತ್ತಿತ್ತು. ಸಂಸ್ಥೆಯ ಬಗ್ಗೆ ಆ ದಿನ ವಿಮರ್ಶೆ ಬರೆದಿದ್ದರೆ ಇಡೀ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ.

ಇನ್ನು 40,000 ರೂಪಾಯಿಯ ಅನುಪಾಲನೆಯ ವರ್ಷ. ಮಾರ್ಪಡಿಸಿದ ನಕ್ಷೆಗೆ ಒಪ್ಪಿಗೆ ಕೊಡುವಾಗ ಹಾಕಿದ ಷರತ್ತುಗಳು ನಾಲ್ಕೇ: ಹೂಳು ತೆಗೆಯಬೇಕು, ತೂಬು ಮತ್ತು ಕೋಡಿ ತೆರವಾಗಿರಬೇಕು, ಕೊಳಚೆ ನೀರು ಸೇರಬಾರದು, ನಿರ್ವಹಣೆಯ ದಾಖಲೆ ಇಡಬೇಕು. ಇದಕ್ಕಾಗಿ ಸಂಸ್ಥೆ ವರ್ಷಕ್ಕೆ ನಾಲ್ಕು ಭೇಟಿ, ಎರಡು ವರದಿ ಕೊಡಬೇಕಿತ್ತು. ಭೇಟಿಗಳು ಬಂದವು. ಆದರೆ ಮೂರು ಭೇಟಿ ಡಿಸೆಂಬರ್, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ, ಹೊಂಡದಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇರದ ದಿನಗಳಲ್ಲಿ. ಮಳೆಗಾಲದ ಒಂದೇ ಭೇಟಿ ಜುಲೈನಲ್ಲಿ ಮಳೆ ಬಿಡುವು ಕೊಟ್ಟ ವಾರ. ಅಳತೆಗೆ ಬಂದಿದ್ದ ದುರ್ಗದ ಹುಡುಗ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದರು. ಹೊಸದಾಗಿ ಬಂದವರು ಗೇಟಿನ ಬಳಿಯಿಂದ ನಾಲ್ಕು ಫೋಟೊ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಹೊರಟರು.

ಸೆಪ್ಟೆಂಬರ್‌ನ ಉತ್ತರೆ ಮಳೆಗೆ ತೂಬಿನ ಬಾಯಿಗೆ ಹಾಲಿನ ಪಾಕೀಟು, ತೆಂಗಿನ ಗರಿ, ಗಣೇಶನ ಹಬ್ಬದ ಥರ್ಮಾಕೋಲು ಸೇರಿ ಕಟ್ಟಿಕೊಂಡಿತು. ಕೋಡಿ ತನ್ನ ಕೆಲಸ ಮಾಡಿದ್ದರಿಂದ ಏರಿಗೆ ಏನೂ ಆಗಲಿಲ್ಲ, ಆದರೆ ಕೋಡಿಯ ಮಟ್ಟದ ಕೆಳಗಿನ ನೀರು ಹನ್ನೊಂದು ದಿನ ನಿಂತಿತು. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಎರಡನೇ ಅಡ್ಡರಸ್ತೆಯಲ್ಲಿ ಇಬ್ಬರಿಗೆ ಜ್ವರ ಬಂದಾಗ ಎಲ್ಲರ ಬೆರಳೂ ಹೊಂಡದ ಕಡೆಗೇ ತಿರುಗಿತು. ಫೋನ್ ಮಾಡಿದರೆ ‘ಮುಂದಿನ ನಿಗದಿತ ಭೇಟಿಯಲ್ಲಿ ಗಮನಿಸುತ್ತೇವೆ’ ಎಂಬ ಉತ್ತರ ಬಂತು. ನಮ್ಮ ನೀರುಗಂಟಿ ಸೊಂಟದ ಮಟ್ಟ ನೀರಿಗಿಳಿದು ಬಿದಿರು ಗಳದಿಂದ ತೂಬು ಬಿಡಿಸಿದರು. ಅವರು ಹಾಗೆ ಇಳಿಯಬಾರದಿತ್ತು, ನಾವೂ ಇಳಿಸಬಾರದಿತ್ತು. ತೂಬಿನ ಮುಂದೆ ದಡದಿಂದಲೇ ಎತ್ತಿ ತೊಳೆಯಬಹುದಾದ ಕಂಬಿಯ ಜಾಲರಿ ಇದ್ದಿದ್ದರೆ ಇದಾವುದೂ ಬೇಕಾಗುತ್ತಿರಲಿಲ್ಲ, ಅದು ನಕ್ಷೆಯಲ್ಲಿ ಇರಲಿಲ್ಲ.

ಡಿಸೆಂಬರ್‌ನಲ್ಲಿ ಬಂದ ವರದಿ ಬಣ್ಣದ ಅಚ್ಚಿನಲ್ಲಿ ಇಪ್ಪತ್ತೆರಡು ಪುಟ ಇತ್ತು. ‘ತೂಬು: ತೆರವಾಗಿದೆ. ನಿಂತ ನೀರು: ಕಂಡುಬಂದಿಲ್ಲ. ತ್ಯಾಜ್ಯ ನೀರು: ಸೇರುತ್ತಿಲ್ಲ.’ ಹದಿನೇಳನೇ ಪುಟದಲ್ಲಿ ಹರಿಹರದ ಕಡೆಯ ಬೇರೊಂದು ಬಡಾವಣೆಯ ಹೆಸರು ಹಾಗೆಯೇ ಉಳಿದುಕೊಂಡಿತ್ತು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ನಕಲು ಹಿಡಿಯುವುದು ಕಷ್ಟವಲ್ಲ. ಆದರೆ ನನ್ನನ್ನು ಹೆಚ್ಚು ಕೆಣಕಿದ್ದು ಮೂರನೇ ಸಾಲು. ಅಕ್ಟೋಬರ್‌ನಿಂದಲೇ ಹೊಂಡದ ಒಂದು ಮೂಲೆಯಲ್ಲಿ ಸಾಬೂನಿನ ನೊರೆಯೂ ನಾತವೂ ಇತ್ತು. ಮಳೆ ಚರಂಡಿಗೆ ಯಾರದೋ ಅಡುಗೆಮನೆಯ ಕೊಳವೆ ಸೇರಿದೆ ಎಂದು ನಾವು ಬರವಣಿಗೆಯಲ್ಲಿ ತಿಳಿಸಿದ್ದೆವು. ಮಳೆನೀರು ಹರಿಯುವವರೆಗೆ ಇದು ಬಡಾವಣೆಯ ವಿಷಯ, ಅದಕ್ಕೆ ಕೊಳಚೆ ಬೆರೆತು ಹಳ್ಳ ಸೇರಿತೆಂದರೆ 1974ರ ಜಲಮಾಲಿನ್ಯ ಕಾಯ್ದೆಯ ವಿಷಯ. ಅದನ್ನು ಪರೀಕ್ಷಿಸದೆಯೇ ‘ಸೇರುತ್ತಿಲ್ಲ’ ಎಂದು ಸಹಿ ಮಾಡಿದ ವರದಿ ನಮ್ಮ ರಕ್ಷಣೆಗೆ ಬರುವುದಿಲ್ಲ, ನಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ. ನಾವೇ ಒಂದು ಭಾನುವಾರ ಬಟ್ಟೆಗೆ ಹಾಕುವ ನೀಲಿಯನ್ನು ಮನೆಮನೆಯ ಸಿಂಕಿಗೆ ಸುರಿಸಿ, ಚರಂಡಿಯ ಕೊನೆಯಲ್ಲಿ ಒಬ್ಬರನ್ನು ಕೂರಿಸಿ ನೋಡಿದೆವು. ಮೂರು ಮನೆಗಳು ಸಿಕ್ಕವು. ಅವುಗಳಲ್ಲಿ ಒಂದು ನಮ್ಮದು; ಮೇಸ್ತ್ರಿ ಪಾತ್ರೆ ತೊಳೆಯುವ ಕಟ್ಟೆಯ ನೀರನ್ನು ಹತ್ತಿರವಾಯಿತೆಂದು ಮಳೆ ಚರಂಡಿಗೇ ಬಿಟ್ಟಿದ್ದ. ಮನೆಯಾಕೆ ಆ ದಿನದಿಂದ ನನ್ನ ಸಂಘದ ಭಾಷಣಗಳನ್ನು ಮೊದಲಿನಷ್ಟು ಗೌರವದಿಂದ ಕೇಳುತ್ತಿಲ್ಲ.

ವರದಿಯನ್ನು ಹಿಂದಿರುಗಿಸಿ, ತಿದ್ದಿ ಕಳುಹಿಸಲು ಬರೆದೆ. ಹದಿನೇಳನೇ ಪುಟ ಬದಲಾಗಿ ಬಂತು, ಉಳಿದದ್ದು ಹಾಗೆಯೇ ಇತ್ತು. ಅನುಪಾಲನೆಯ ಎರಡನೇ ಕಂತಾದ 20,000 ರೂಪಾಯಿಯನ್ನು ಸಂಘ ತಡೆಹಿಡಿಯಿತು, ಒಂದೆರಡು ಸಲ ಕೇಳಿ ಸುಮ್ಮನಾದರು.

2025ರಿಂದ ಹೊಂಡವನ್ನು ನಾವೇ ನೋಡಿಕೊಳ್ಳುತ್ತಿದ್ದೇವೆ. ತೂಬಿಗೆ ಕಂಬಿ ಜಾಲರಿ ಹಾಕಿಸಲು ವೆಲ್ಡಿಂಗ್ ಅಂಗಡಿಯಲ್ಲಿ 3,200 ರೂಪಾಯಿ ಆಯಿತು. ಕೋಡಿಯ ಪಕ್ಕದ ಕಲ್ಲಿಗೆ ಮಟ್ಟದ ಗೆರೆ ಬರೆಸಿದ್ದೇವೆ. ಮಳೆಯ ಮರುದಿನ ಬೆಳಿಗ್ಗೆ ವಾಕಿಂಗ್ ಹೋಗುವವರಲ್ಲಿ ಒಬ್ಬರು ನೀರಿನ ಮಟ್ಟ, ತೂಬಿನ ಸ್ಥಿತಿ, ವಾಸನೆ ಇದೆಯೋ ಇಲ್ಲವೋ ಎಂಬುದನ್ನು ಬರೆದು ಫೋಟೊ ಸಮೇತ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ, ತಿಂಗಳ ಕೊನೆಗೆ ನಾನು ಅದನ್ನು ದಫ್ತರಕ್ಕೆ ಇಳಿಸುತ್ತೇನೆ. ಏಪ್ರಿಲ್‌ನಲ್ಲಿ ತೊಟ್ಟಿಯ ಹೂಳು ಎರಡು ಟ್ರ್ಯಾಕ್ಟರ್ ಲೋಡು ಬಂತು, ಉದ್ಯಾನದ ಗಿಡಗಳಿಗೆ ಹಾಕಿದೆವು. ಕಳೆದ ಮಳೆಗಾಲದ ದಾಖಲೆಯಲ್ಲಿ ನಮ್ಮ ಕೈಬರಹದ ಒಂಬತ್ತು ಪುಟಗಳಿವೆ, ಪ್ರತಿಯೊಂದಕ್ಕೂ ತಾರೀಖಿದೆ, ಎರಡು ಕಡೆ ‘ತೂಬು ಕಟ್ಟಿತ್ತು, ಮಧ್ಯಾಹ್ನ ಬಿಡಿಸಲಾಯಿತು’ ಎಂದೂ ಇದೆ. ಇದನ್ನೇ ಪ್ರಾಧಿಕಾರಕ್ಕೆ ಸಲ್ಲಿಸಿದೆವು, ಸ್ವೀಕೃತಿ ಬಂತು.

ಹಾಗಾಗಿ ನನ್ನ ಅಂಕಗಳು ಹೀಗಿವೆ. ಅಳತೆ ಮತ್ತು ವಿನ್ಯಾಸಕ್ಕೆ ಹತ್ತಕ್ಕೆ ಒಂಬತ್ತು. ಜಾಲರಿ ಮತ್ತು ಬೇಲಿಗಾಗಿ ಒಂದು ಅಂಕ ಕಳೆದಿದ್ದೇನೆ. ಒಪ್ಪಿಗೆಗಳಿಗೆ ಏಳು. ಅನುಪಾಲನೆಗೆ ಎರಡು, ಅದೂ ಕಾಗದ ಚೆನ್ನಾಗಿತ್ತು ಎಂಬ ಕಾರಣಕ್ಕೆ. ನಮ್ಮಂಥ ಹತ್ತು ಇಪ್ಪತ್ತು ಎಕರೆಯ ಬಡಾವಣೆಯವರು ಇಂಥ ಸಂಸ್ಥೆಯನ್ನು ಮೊದಲ ಎರಡು ಕೆಲಸಕ್ಕೆ ಧಾರಾಳವಾಗಿ ಕರೆಯಬಹುದು, ಆದರೆ ಕರಾರಿಗೆ ಸಹಿ ಹಾಕುವ ಮುಂಚೆ ಮೂರನೆಯದಾದ ಅನುಪಾಲನೆಯನ್ನು ಅದರಿಂದ ಬೇರ್ಪಡಿಸಬೇಕು. ಅದನ್ನೂ ಅವರಿಂದಲೇ ಮಾಡಿಸಿಕೊಳ್ಳಲೇಬೇಕೆಂದರೆ ‘ವರ್ಷಕ್ಕೆ ನಾಲ್ಕು ಭೇಟಿ’ ಎಂದು ಬರೆಸದೆ, ‘25 ಮಿಲಿಮೀಟರ್ ದಾಟಿದ ಪ್ರತಿ ಮಳೆಯ ನಂತರ ಎರಡು ದಿನದೊಳಗೆ ಭೇಟಿ’ ಎಂದು ಬರೆಸಬೇಕು. ಮಳೆ ಎಷ್ಟಾಯಿತೆಂಬ ವಾದಕ್ಕೆ ಅವಕಾಶವಿಲ್ಲ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಾನು ಈ ಸಾಲನ್ನು ಹೇಳಿಕೊಟ್ಟ ಪಕ್ಕದ ಬಡಾವಣೆಯವರು ಅದೇ ಸಂಸ್ಥೆಗೆ ಕರಡು ಕಳುಹಿಸಿದ್ದಾರೆ. ಅನುಪಾಲನೆಯ ಕೊಟೇಶನ್ 40,000ದಿಂದ 75,000ಕ್ಕೆ ಏರಿ ವಾಪಸು ಬಂದಿದೆಯಂತೆ.